ಏಳು ದಿನ ನೆಲದ ಮೇಲೆ

ಮಮ್ಮಿ,

ನಿನ್ನನ್ನು ಮಣ್ಣು ಮಾಡುವುದನ್ನು ಗಲ್ಫಿನ ಮಹಬೂಲಾದ ಈ ಕೋಣೆಯಲ್ಲಿ ಫೋನಿನಲ್ಲೇ ನೋಡಿದೆ. ರಜೆ ಸಿಗಲಿಲ್ಲ.

ಆಮೇಲೆ ಕನ್ನಡಿಗೆ ಬೆಡ್‌ಶೀಟ್ ಹೊದಿಸಿ ನೆಲದ ಮೇಲೆ ಕೂತೆ. ಡ್ಯಾಡಿ ತೀರಿಕೊಂಡಾಗ ನೀನು ಇಸ್ರೇಲಿನಿಂದ ಬಂದು ಹೀಗೆಯೇ ಕೂತಿದ್ದೆ. ನೀನು ಆರೈಕೆ ಮಾಡುತ್ತಿದ್ದ ಯೆಹೂದಿ ಅಜ್ಜಿಯ ಮನೆಯಲ್ಲಿ ಸತ್ತವರಿಗಾಗಿ ಏಳು ದಿನ ಹೀಗೆ ಕೂರುತ್ತಾರೆ ಎಂದಿದ್ದೆ. "ನಾವೇನು ಯೆಹೂದ್ಯರಾ?" ಎಂದು ನಾನು ನೆಂಟರೆದುರೇ ಕನ್ನಡಿಯ ಬಟ್ಟೆ ಎಳೆದು ಹಾಕಿದ್ದೆ.

ಜೊತೆಗಿರುವ ರೋಶ್ನಿ ಡ್ಯೂಟಿ ಮುಗಿಸಿ ಬಂದಳು. "ಇದೆಂತ ಆಲಿವ್, ಕನ್ನಡಿಗೆ ಶೀಟ್ ಎಂತಕ್ಕೆ?"

ಮಕ್ಕಳನ್ನು ಕಳೆದುಕೊಂಡ ಯೋಬನ ಜೊತೆ ಅವನ ಗೆಳೆಯರು ಏಳು ದಿನ ಮಾತಿಲ್ಲದೆ ನೆಲದ ಮೇಲೆ ಕೂತರೆಂದು ಬೈಬಲಿನಲ್ಲಿದೆಯಲ್ಲ, ಯೆಹೂದ್ಯರು ಇವತ್ತಿಗೂ ಸಾವಿನ ಮನೆಯಲ್ಲಿ ಕನ್ನಡಿ ಮುಚ್ಚಿ ಹಾಗೇ ಕೂರುತ್ತಾರೆ ಎಂದೆ. ಅವಳು ಯೂನಿಫಾರ್ಮಿನಲ್ಲೇ ಪಕ್ಕದಲ್ಲಿ ಕೂತಳು.

ನಾನು ಬಿಕ್ಕಿದ ಮೇಲೆ, "ಮಮ್ಮಿ ಹೇಗಿದ್ರು, ಹೇಳು" ಎಂದಳು.

ನೀನು ನನ್ನ ಜಡೆ ಹೆಣೆಯುತ್ತಲೇ ಜಪಸರ ಹೇಳುತ್ತಿದ್ದುದನ್ನು ಹೇಳಿದೆ. ನನ್ನ ಹನ್ನೆರಡನೇ ವಯಸ್ಸಿನಲ್ಲಿ ನೀನು ಇಸ್ರೇಲಿಗೆ ಹೋದದ್ದನ್ನು ಹೇಳಿದೆ.

"ಮತ್ತೆ?" ಎಂದಳು.

ಹೇಳಲು ನನ್ನ ಬಳಿ ಮತ್ತೇನೂ ಇರಲಿಲ್ಲ, ಮಮ್ಮಿ.

ನಿನ್ನ ಆಲಿವ್