ಗರಡಿಯ ಒಂದು ಹಿಡಿ ಮಣ್ಣು

ಕೋಲಾರ
೧೨ ಜೂನ್ ೧೯೪೧

ಪೂಜ್ಯ ಅಪ್ಪನವರಿಗೆ ಸುಭದ್ರೆಯ ನಮಸ್ಕಾರ.

ಎಡಗೈ ಸ್ವಾಧೀನ ತಪ್ಪಿದ ಮೇಲೆ ನೀವು ಗರಡಿಯ ಕಡೆಗೇ ಹೋಗುತ್ತಿಲ್ಲವೆಂದು ಅಮ್ಮ ಬರೆಸಿದ್ದಾಳೆ. ಇಲ್ಲಿ ನನಗೂ ಒಂದು ತೊಂದರೆ. ಶಾಲೆಯ ಹುಡುಗಿಯರಿಗೆ ಉಸಿರಿನ ಅಭ್ಯಾಸ ಹೇಳಿಕೊಡುತ್ತಿದ್ದೇನೆ. "ತೋಳು ಆಮೇಲೆ ಕಣೋ, ಮೊದಲು ಉಸಿರು" ಎಂದು ನೀವು ಅಣ್ಣನಿಗೆ ಹೇಳುತ್ತಿದ್ದುದನ್ನು ಬಾಗಿಲಾಚೆ ನಿಂತು ಕಲಿತವಳು ನಾನು. ಸರಿಯಾಗಿ ಕಲಿತೆನೇ ಎಂಬ ಅನುಮಾನ ಈಗ ಬಂದಿದೆ. ನಿನ್ನೆ ಆದಿಲಕ್ಷ್ಮಿ ಎಂಬ ಹುಡುಗಿ, "ಟೀಚರ್, ಉಸಿರು ಹಿಡಿದ್ರೆ ನಂಗೆ ಶಕ್ತಿ ಬರಲ್ಲ, ನಗು ಬರುತ್ತೆ" ಅಂದಳು. ನಾನೂ ನಕ್ಕುಬಿಟ್ಟೆ.

ಸೋಮವಾರ ಮುಳಬಾಗಿಲಿನಿಂದ ಬಸ್ಸಿಗೆ ಬನ್ನಿ. ಕುರ್ಚಿ ಹಾಕಿಸಿರುತ್ತೇನೆ. ಕೈ ಎತ್ತಬೇಕಾಗಿಲ್ಲ, ಉಸಿರಾಡಿ ತೋರಿಸಿದರೆ ಸಾಕು. ಬರುವಾಗ, ಹೆಣ್ಣುಮಕ್ಕಳು ತುಳಿಯಬಾರದೆಂದು ನೀವು ಹೇಳುತ್ತಿದ್ದ ಗರಡಿಯ ಮಣ್ಣು ಒಂದು ಹಿಡಿ ತನ್ನಿ. ಅದಕ್ಕೆ ಅಣ್ಣನನ್ನು ಕಳಿಸಬೇಡಿ, ನೀವೇ ಹೋಗಿ.

ದಾರಿ ನೋಡುತ್ತಿರುವ ನಿಮ್ಮ ಮಗಳು,
ಸುಭದ್ರೆ