ಟ್ಯಾಂಕಿಗೆ ಹಾಕಿದ ಹೆಪ್ಪು

ಬೋಟಿನ ಅಡುಗೆಮೂಲೆಯಿಂದ
ನವೆಂಬರ್ ೧೬, ಭಾನುವಾರ

ಸಿಟ್ಟಿದ್ದರೂ ಪ್ರೀತಿಯ ಅಮ್ಮಾ,

ಹೇಗಿದೀಯ? ಮಂಡಿನೋವು ಹೇಗಿದೆ? ಚಿಕ್ಕಮ್ಮನ ಮನೆ ಮೆಟ್ಟಿಲು ಹತ್ತಿ ಇಳಿದು ಜಾಸ್ತಿ ಮಾಡ್ಕೊಂಡಿರ್ತೀಯ, ನನಗೆ ಗೊತ್ತು. ಅಲ್ಲಿ ನಿನಗೆ ಎಣ್ಣೆ ತಿಕ್ಕೋರು ಯಾರು? ನಾನು ಚೆನ್ನಾಗಿದೀನಿ. ಬೋಟಿಗೆ ಹೊದಿಕೆ ಹೊಲಿಯೋ ಕೆಲಸ ಕೈತುಂಬ ಬರ್ತಿದೆ, ದಪ್ಪ ಟಾರ್ಪಾಲಿಗೆ ಸೂಜಿ ಒತ್ತಿ ಒತ್ತಿ ಹೆಬ್ಬೆರಳು ದಡ್ಡುಗಟ್ಟಿ ಹೋಗಿದೆ. ಅಪ್ಪ ಚೆನ್ನಾಗಿದಾರೆ ಅಂತ ಬರಿಯೋಕೆ ಅಪ್ಪನೇ ಹೇಳಿದಾರೆ, ಬರೆದಿದೀನಿ. ಫೋನ್ ಮಾಡೋದು ಬಿಟ್ಟು ಪತ್ರ ಯಾಕೆ ಅಂತೀಯಾ? ಫೋನಿನಲ್ಲಿ ನಾನು ಬಾಯಿ ತೆಗೆಯೋಷ್ಟರಲ್ಲಿ ನೀನು ಅಳೋಕೆ ಶುರು ಮಾಡ್ತೀಯ, ಚಿಕ್ಕಮ್ಮ ಫೋನ್ ಕಿತ್ಕೊಂಡು ನನಗೇ ಬುದ್ಧಿ ಹೇಳ್ತಾಳೆ. ಪತ್ರಕ್ಕೆ ಯಾರೂ ಮಧ್ಯೆ ಬಾಯಿ ಹಾಕೋಕಾಗಲ್ಲ. ಹಾಗಾಗಿ ಕೂತ್ಕೊಂಡು ಪೂರ್ತಿ ಓದು, ಚಿಕ್ಕಮ್ಮನಿಗೆ ಕೊಡಬೇಡ.

"ಈ ನಾತ ಹೋಗೋ ತನಕ ಈ ಬೋಟಿಗೆ ಕಾಲಿಡಲ್ಲ" ಅಂದು ಚೀಲ ಹಿಡ್ಕೊಂಡು ಇಳಿದು ಹೋದೆಯಲ್ಲ, ಆವತ್ತಿಂದ ಈ ಮನೇಲಿ ಬೇರೆ ಮಾತೇ ಇಲ್ಲ. ಬೆಳಗ್ಗೆ ಎದ್ದರೆ ಟಾಯ್ಲೆಟ್ಟು, ಮಲಗಿದರೆ ಟ್ಯಾಂಕು. ನಿನ್ನ ಸಿಟ್ಟು ಸುಳ್ಳು ಅಂತ ನಾನು ಹೇಳ್ತಿಲ್ಲ. ಗಟ್ಟಿ ನೆಲದ ಮನೆ ಬಿಟ್ಟು ಬೋಟಿನಲ್ಲೇ ಇರೋಣ ಅಂತ ಅಪ್ಪ ತೀರ್ಮಾನ ಮಾಡಿದಾಗ ನಿನ್ನ ಒಂದು ಮಾತು ಕೇಳಲಿಲ್ಲ. ಜೀವನಪೂರ್ತಿ ಬೇರೆಯವರ ಬೋಟು ಓಡಿಸಿದೆ, ಈಗ ನಂದೇ ಒಂದು ಅಂತ ಕುಣಿದಾಡಿದ್ರು. ನಾವು ಮಲಗೋ ಹಲಗೆ ಕೆಳಗೇ ಮಲದ ಟ್ಯಾಂಕ್ ಇರುತ್ತೆ ಅಂತ ಬಂದ ಮೇಲೆ ತಾನೇ ನಿನಗೆ ಗೊತ್ತಾಗಿದ್ದು? ಚಿಕ್ಕಮ್ಮ ಬಂದು ಮೂಗಿಗೆ ಸೆರಗು ಹಿಡ್ಕೊಂಡು ಕಾಫಿ ಕುಡಿದ ದಿನ ನಿನ್ನ ಮುಖ ನಾನು ನೋಡಿದೀನಿ. ಅಷ್ಟಕ್ಕೂ ಮೂಗು ಮುಚ್ಕೊಂಡು ಕಾಫಿ ಹೇಗೆ ಕುಡಿದಳೋ, ಅದು ಬೇರೆ ವಿಷಯ. ಆದರೆ ನೆಗಡಿ ಬಂತು ಅಂತ ಮೂಗೇ ಕೊಯ್ದುಕೊಳ್ತಾರೇನಮ್ಮ?

ನೀನು ಹೋದ ಮಾರನೇ ದಿನವೇ ಅಪ್ಪ ಬೋಟಿನ ಸಾಮಾನಿನ ಅಂಗಡಿಗೆ ಓಡಿದ್ರು. ಅದೇ, ಮೈಮೇಲೆ ಅರ್ಧ ಬಾಟಲಿ ಸೆಂಟು ಸುರ್ಕೊಂಡು ಕೂತಿರ್ತಾನಲ್ಲ, ಪರಿಮಳಣ್ಣ, ಅವನ ಹತ್ತಿರ. ಅವನು ಕೊಟ್ಟಿದ್ದು ಒಂದು ಕ್ಯಾನ್ ನೀಲಿ ದ್ರಾವಣ. ಒಂದು ಮುಚ್ಚಳ ಹಾಕಿ ಅಂದ್ರೆ ಅಪ್ಪ ನಾಲ್ಕು ಹಾಕಿದ್ರು. ಅಯ್ಯೋ, ಆ ವಾರ ನೋಡಬೇಕಿತ್ತು ನೀನು! ಆಸ್ಪತ್ರೆ ವಾಸನೆ, ಹೂವಿನ ವಾಸನೆ, ಅದರ ಹಿಂದಿಂದ ನಮ್ಮ ಹಳೇ ವಾಸನೆ, ಮೂರೂ ಸೇರಿ ನನಗೆ ಅನ್ನ ಸೇರಲಿಲ್ಲ. ಟ್ಯಾಂಕ್ ಖಾಲಿ ಮಾಡಿಸೋಕೆ ಜೆಟ್ಟಿಗೆ ಹೋದರೆ ಅಲ್ಲಿ ಕೊಳೆ ಎಳೆಯೋ ಪಂಪಿನ ಆಳು ಮುಚ್ಚಳ ತೆಗೆದವನೇ ನೀಲಿ ನೀರು ನೋಡಿ ಪೈಪು ವಾಪಸ್ ಸುತ್ತಿಟ್ಟ. ಈ ಔಷಧಿ ಹಾಕಿದ ಕೊಳೆ ನಾವು ತಗೊಳ್ಳಲ್ಲ, ನಮ್ಮ ಶುದ್ಧೀಕರಣ ಘಟಕದಲ್ಲಿ ಕೊಳೆ ತಿನ್ನೋ ಬ್ಯಾಕ್ಟೀರಿಯಾ ಇದಾವೆ, ಇದು ಹೋದರೆ ಅವೆಲ್ಲ ಸಾಯ್ತವೆ ಅಂದ. ಹಿಂದೆ ನಿಂತಿದ್ದ ಬೋಟಿನವರೆಲ್ಲ ಕೇಳಿಸಿಕೊಂಡ್ರು. ಎರಡು ಸಲ ಅಲೆದು, ಕೈಕಾಲು ಹಿಡಿದು, ಬೇರೆ ಗಾಡಿ ತರಿಸಿ ಖಾಲಿ ಮಾಡಿಸಿದ್ವಿ. ಮಾನ ಅನ್ನೋದು ನೀರಲ್ಲಿ ತೇಲಿ ಹೋಯ್ತು.

ಆಮೇಲೆ ಅಪ್ಪನೇ ಡಾಕ್ಟರಾದ್ರು. ಯಾರೋ ಹೇಳಿದ್ರು ಅಂತ ಪೈಪಿನೊಳಗೆ ಕಟ್ಟಿದ ಕಲ್ಲಿನಂಥ ಪದರ ಕರಗಿಸೋಕೆ ವಿನೆಗರ್ ಸುರಿದ್ರು. ಟಾಯ್ಲೆಟ್ಟಿನ ಪಂಪಿನ ರಬ್ಬರಿಗೆ ಒಳ್ಳೇದು ಅಂತ ನನ್ನ ಅಡುಗೆ ಎಣ್ಣೆ ಸುರಿದ್ರು, ನನ್ನನ್ನ ಒಂದು ಮಾತು ಕೇಳದೆ! ಕೇಳೋ ಅಭ್ಯಾಸವೇ ಇಲ್ಲವಲ್ಲ ಅವರಿಗೆ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಪೈಪಿಗೆ ಸುತ್ತಿ, ಆರಿದ ಮೇಲೆ ಆ ಬಟ್ಟೆ ಮೂಸಿ ನೋಡಿದ್ರೆ ಯಾವ ಪೈಪು ವಾಸನೆ ಕುಡಿದಿದೆ ಅಂತ ಗೊತ್ತಾಗುತ್ತಂತೆ. ಮೂಸೋ ಕೆಲಸ ಯಾರಿಗೆ ಬಿತ್ತು ಹೇಳು? ನನಗೇ. ನಿನ್ನ ಮೂಗು ನಿಮ್ಮಮ್ಮಂದೇ ಅಂತ ಹೊಗಳಿ ಹೊಗಳಿ ಮೂಸಿಸಿದ್ರು. ಒಂದು ಪೈಪು ಸಿಕ್ಕಿತು, ಬದಲಾಯಿಸಿದ್ವಿ. ಟ್ಯಾಂಕಿಗೆ ಗಾಳಿ ಹೋಗೋ ಸಣ್ಣ ಕೊಳವೆ ಇದೆಯಲ್ಲ, ಅದರಲ್ಲಿ ಯಾವುದೋ ಹುಳ ಮಣ್ಣಿನ ಗೂಡು ಕಟ್ಟಿತ್ತು. ಅಪ್ಪ ಬೋಟಿನ ಅಂಚಿನ ಹಲಗೆ ಮೇಲೆ ಬೋರಲು ಮಲಗಿ ತಂತಿ ಹಾಕಿ ಕೆದಕಿ ತೆಗೆದ್ರು, ನಾನು ಅವರ ಕಾಲು ಹಿಡ್ಕೊಂಡಿದ್ದೆ. ಈ ವಯಸ್ಸಿನಲ್ಲಿ ನೀರಿಗೆ ಬಿದ್ದಿದ್ರೆ ಯಾರು ಗತಿ? ಅದನ್ನ ಯೋಚನೆ ಮಾಡಿದೀಯಾ ನೀನು?

ಕೊನೆಗೆ ಆ ಪಂಪಿನ ಆಳು ಹೇಳಿದ್ದು ನೆನಪಿಟ್ಕೊಂಡು, ನಾನೇ ಕೂತು ಓದಿ ತಿಳ್ಕೊಂಡು, ಪರಿಮಳಣ್ಣನ ಅಂಗಡಿಯಿಂದಲೇ ಜೀವ ಇರೋ ಔಷಧಿ ತಂದೆ. ಪುಡಿ ರೂಪದ ಬ್ಯಾಕ್ಟೀರಿಯಾ. ಹಾಲಿಗೆ ಹೆಪ್ಪು ಹಾಕ್ತೀವಲ್ಲ, ಹಾಗೇ ಟ್ಯಾಂಕಿಗೆ ಹಾಕೋದು. ಅವು ಗಾಳಿ ಕುಡಿದು, ಕೊಳೆ ತಿಂದು, ವಾಸನೆ ಹುಟ್ಟದ ಹಾಗೆ ನೋಡ್ಕೊಳ್ತವೆ. ಹಾಕಿದೆ. ವಾರ ಕಾದೆ. ಏನೂ ಇಲ್ಲ! ಇನ್ನೊಂದು ಪ್ಯಾಕೆಟ್ಟು ಹಾಕಿದೆ. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು. ಪಿತ್ತ ನೆತ್ತಿಗೇರಿ ಪರಿಮಳಣ್ಣನ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ, ಸತ್ತಿರೋ ಮಾಲು ಮಾರ್ತೀಯೇನೋ ಅಂತ ಕೂಗಾಡಿ ಬಂದೆ. ಪಾಪ, ತಪ್ಪು ಅವನದಲ್ಲ. ಆದರೆ ಆ ನೀಲಿ ದ್ರಾವಣಕ್ಕೂ ಇದಕ್ಕೂ ಸರಿಹೋಯ್ತು ಅಂತ ಕ್ಷಮೆ ಕೇಳೋಕೆ ಹೋಗಿಲ್ಲ.

ತಪ್ಪು ಯಾರದ್ದು ಗೊತ್ತಾ? ಕೆಲಸಕ್ಕೆ ಹೋಗೋ ದಾರೀಲಿ ಕತ್ತರಿ ಮರೆತೆ ಅಂತ ಒಂದು ಬೆಳಗ್ಗೆ ವಾಪಸ್ ಬಂದೆ. ಅಪ್ಪ ಟಾಯ್ಲೆಟ್ಟಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮೂಗಿಗೆ ಟವಲ್ ಕಟ್ಕೊಂಡು, ಬ್ಲೀಚಿಂಗ್ ಪುಡಿ ಉದುರಿಸಿ ಬ್ರಷ್ಷಿನಿಂದ ಉಜ್ಜುತ್ತಿದಾರೆ. ತಳ ಕನ್ನಡಿ ಹಾಗೆ ಹೊಳೀತಿದೆ. ಅಪ್ಪಾ, ಇದೇನು ಅಂದೆ. ದಿನಾ ಹಾಕ್ತೀನಲ್ಲ, ನಿಮ್ಮಮ್ಮ ಹಾಕ್ತಿದ್ದ ಹಾಗೇ, ಒಂದು ದಿನವೂ ತಪ್ಪಿಸಿಲ್ಲ ಅಂದ್ರು, ಏನೋ ದೊಡ್ಡ ವ್ರತ ಮಾಡಿದ ಹಾಗೆ! ಹೆಪ್ಪು ಹಾಕಿದ ಹಾಲನ್ನ ದಿನಾ ಬೆಳಗ್ಗೆ ಒಲೆ ಮೇಲಿಟ್ಟು ಕುದಿಸಿದರೆ ಮೊಸರಾಗುತ್ತೇನಮ್ಮ? ನಾನು ಸಂಜೆ ಹಾಕಿದ ಜೀವಗಳನ್ನೆಲ್ಲ ಇವರು ಬೆಳಗ್ಗೆ ಕೊಲ್ತಿದ್ರು. ಇವರಷ್ಟೇ ಅಲ್ಲ. ಸಿಟ್ಟಾಗಬೇಡ, ಆದರೂ ಹೇಳ್ತೀನಿ. ಆ ಟ್ಯಾಂಕಿನಲ್ಲಿ ಒಳ್ಳೇದು ಏನೂ ಬದುಕದ ಹಾಗೆ ಮೊದಲಿಂದ ಮಾಡಿದ್ದು ನೀನೇ. ಮನೇಲಿ ಮಾಡ್ತಿದ್ದ ಹಾಗೇ ಇಲ್ಲೂ ದಿನಾ ಒಂದು ಹಿಡಿ ಬ್ಲೀಚಿಂಗ್ ಪುಡಿ ಸುರಿದೆ. ಮನೇಲಾದರೆ ಎಲ್ಲ ಕೊಚ್ಕೊಂಡು ಚರಂಡಿಗೆ ಹೋಗುತ್ತೆ, ಇಲ್ಲಿ ಎಲ್ಲಿಗೆ ಹೋಗುತ್ತೆ? ಯಾವ ನಾತಕ್ಕೆ ಬೋಟು ಬಿಟ್ಟು ಹೋದೆಯೋ, ಅದನ್ನ ನಿನ್ನ ಕೈಯಾರೆ ಸಾಕಿದ್ದೆ ಕಣೇ ಅಮ್ಮ.

ಇದನ್ನ ನಿನಗೆ ಹೇಳಬಾರದು ಅಂತ ಅಪ್ಪ ನನ್ನಿಂದ ಆಣೆ ಹಾಕಿಸಿಕೊಂಡಿದಾರೆ. ಅವಳಿಗೆ ಶುಚಿ ಅಂದ್ರೆ ಪ್ರಾಣ, ತನ್ನಿಂದಲೇ ಆಯ್ತು ಅಂತ ಗೊತ್ತಾದರೆ ಕೊರಗ್ತಾಳೆ, ಪೈಪು ಕೆಟ್ಟಿತ್ತು ಅಂತ ಬರಿ ಅಂದ್ರು. ಆಣೆ ಮುರಿದಿದೀನಿ. ಎಷ್ಟು ದಿನ ಅಂತ ಒಬ್ಬರ ತಪ್ಪನ್ನ ಇನ್ನೊಬ್ಬರು ಟವಲ್ ಕಟ್ಕೊಂಡು ಉಜ್ಜೋದು? ಇನ್ನೊಬ್ಬರ ಪತ್ರ ಓದಬಾರದು ಅನ್ನೋದು ಅವರದ್ದೇ ಕಟ್ಟುನಿಟ್ಟು, ಹಾಗಾಗಿ ಧೈರ್ಯವಾಗಿ ಬರೀತಿದೀನಿ. ಬ್ಲೀಚಿಂಗ್ ಪುಡಿ ಡಬ್ಬಿ ನಾನು ಅವತ್ತೇ ಜೆಟ್ಟಿಯವರಿಗೆ ಕೊಟ್ಟುಬಿಟ್ಟೆ, ಟ್ಯಾಂಕ್ ತೊಳೆಸಿ ಹೊಸದಾಗಿ ಬ್ಯಾಕ್ಟೀರಿಯಾ ಪುಡಿ ಹಾಕಿದೆ. ಈಗ ಟಾಯ್ಲೆಟ್ಟಿಗೆ ಬರೀ ನೀರು, ಬ್ರಷ್ಷು. ಅಪ್ಪನಿಗೆ ಕೈ ಕಟ್ಟಿ ಹಾಕಿದ ಹಾಗಾಗಿದೆ. ಬೆಳಗ್ಗೆ ಎದ್ದು ಏನು ಮಾಡೋದು ಅಂತ ತೋಚದೆ, ಕೆಟ್ಟಿಲ್ಲದ ಪಂಪು ಬಿಚ್ಚಿ ಮತ್ತೆ ಜೋಡಿಸ್ತಾರೆ.

ವಾಸನೆ ಹೇಗಿದೆ ಅಂತ ನೀನು ಚಿಕ್ಕಮ್ಮನ ಕೈಲಿ ಕೇಳಿಸಿದ್ದೆಯಂತೆ. ನೇರವಾಗಿ ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಇರಲಿ. "ಇನ್ನೂ ಸ್ವಲ್ಪ ಇದೆ ಅಂತ ಬರಿ" ಅಂತ ಅಪ್ಪ ಹೇಳಿದಾರೆ. ಇನ್ನೂ ಸ್ವಲ್ಪ ಇದೆ.

ಮಂಡಿ ಜೋಪಾನ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು, ಕೊಡೋ ಮನಸ್ಸಿಲ್ಲ, ಆದರೂ ಹೇಳು. ನಿನ್ನ ಕಾಲಿಗೆ ಬಿದ್ದು ಬೈಯುತ್ತಿರುವ,

ನಿನ್ನ ಮಗಳು

ತಾ.ಕ.: ಅಪ್ಪ ಹಾಲು ತರೋಕೆ ಹೋಗಿದಾರೆ, ಬರೋದ್ರೊಳಗೆ ಅಂಟಿಸಬೇಕು. ಮೇಲೆ ಬರೆದಿದ್ದು ಸುಳ್ಳು. ವಾಸನೆ ಹೋಗಿದೆ ಅಮ್ಮಾ, ಪೂರ್ತಿ ಹೋಗಿದೆ, ಹೋಗಿ ಎಷ್ಟೋ ದಿನ ಆಯ್ತು. ಟ್ಯಾಂಕಿನ ಮೇಲಿನ ಹಲಗೆ ತೆಗೆದು ಮೂಗಿಟ್ಟರೂ ಏನೂ ಬರಲ್ಲ, ನನ್ನ ಮೂಗು ನಿನ್ನದೇ ಅಲ್ವಾ, ನಂಬು. ಮತ್ಯಾಕೆ ಸುಳ್ಳು ಬರೆಸ್ತೀರಿ ಅಂತ ನಿನ್ನೆ ಅವರ ಮೇಲೆ ರೇಗಿದೆ. ಪಂಪಿನ ತಿರುಪು ಬಿಗಿ ಮಾಡ್ತಾ, ತಲೆ ಎತ್ತದೆ ಅಂದ್ರು: "ವಾಸನೆ ಹೋಗಿದೆ ಅಂತ ಗೊತ್ತಾಗಿಯೂ ಅವಳು ಬರದೇ ಇದ್ರೆ, ಆಮೇಲೆ ನಾನು ಏನನ್ನ ತೊಳೀಲಿ?" ಇದಕ್ಕೆ ಉತ್ತರ ನಿನಗೆ ಗೊತ್ತಿದ್ದರೆ ನನಗೆ ಬರೀಬೇಡ, ಅವರಿಗೆ ಹೇಳು.