ಕುಸುಮಾ ಹೀಟರ್ ಶುಚಿ ಮಾಡಿದಳು

ಫೆಬ್ರವರಿ 9, ಭಾನುವಾರ

ಬಿಸಿನೀರು ಬರುತ್ತಿಲ್ಲವೆಂದು ನಮ್ಮ ಪಿ.ಜಿ.ಯ ಹುಡುಗಿಯರು ಬೆಳಿಗ್ಗೆಯಿಂದ ದೂರುತ್ತಲೇ ಇದ್ದರು. ಮರದ ಪುಡಿ ಒತ್ತಿ ಮಾಡಿದ ಪೆಲೆಟ್ ಉರಿಸಿ ನೀರು ಕಾಯಿಸುವ ತಾರಸಿಯ ಹೀಟರಿನಲ್ಲಿ ಬೂದಿ ಕಟ್ಟಿಕೊಂಡಿತ್ತು. ಮೊದಲೆಲ್ಲ ಪ್ರತಿ ಭಾನುವಾರ ಅದನ್ನು ಶುಚಿ ಮಾಡುತ್ತಿದ್ದವಳು ನನ್ನ ಹೆಂಡತಿ ಕುಸುಮಾ. ಅವಳಿಗೆ ಮರೆವಿನ ಕಾಯಿಲೆ ಬಂದ ಮೇಲೆ ಆ ಕೆಲಸ ನನ್ನದು. ನನಗದು ಇನ್ನೂ ಒಗ್ಗಿಲ್ಲ.

ಇವತ್ತು ಏನನ್ನಿಸಿತೋ, ಅವಳನ್ನೂ ಮೇಲೆ ಕರೆದುಕೊಂಡು ಹೋದೆ. ಬ್ರಷ್ ಕೈಗೆ ಕೊಟ್ಟದ್ದೇ ತಡ, ಕೂತೇಬಿಟ್ಟಳು. ಹೀಟರ್ ಆರಿದೆಯೇ ಎಂದು ಮೊದಲು ಮುಟ್ಟಿ ನೋಡಿದಳು. ಬೂದಿ ತಟ್ಟೆ ಎಳೆದು ಚೆಲ್ಲಿದಳು. ಪೆಲೆಟ್ ಉರಿಯುವ ಬಟ್ಟಲಿನ ಒಂದೊಂದು ತೂತನ್ನೂ ತಂತಿಯಿಂದ ಬಿಡಿಸಿದಳು, ಹೊಗೆ ಕೊಳವೆಯ ಮಸಿ ಕೆರೆದಳು. ಒಂದೂ ತಪ್ಪಲಿಲ್ಲ. ಡಾಕ್ಟರು ಹೇಳಿದ್ದೆಲ್ಲ ಸುಳ್ಳಿರಬಹುದು ಎಂದುಕೊಂಡೆ.

ಬಾಗಿಲು ಮುಚ್ಚಿ ಸ್ವಿಚ್ ಹಾಕಿದಳು. ಬೆಂಕಿ ಹತ್ತಿತು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಆಯ್ತು ಸಾರ್. ಮನೆಗೆ ಹೋಗ್ಲಾ? ಇಲ್ಲೇ ಮಾರೇನಹಳ್ಳೀಲಿ. ನಮ್ಮೆಜಮಾನ್ರು ಕಾಯ್ತಾ ಇರ್ತಾರೆ."

ಬ್ರಷ್ ಎತ್ತಿ ಬದಿಗಿಟ್ಟೆ.

"ಬನ್ನಿ, ನಾನೇ ಬಿಡ್ತೀನಿ" ಎಂದೆ. ಮದುವೆಯಾದ ಮೂವತ್ತು ವರ್ಷದಲ್ಲಿ ಅವಳಿಗೆ 'ಬನ್ನಿ' ಎಂದದ್ದು ಇದೇ ಮೊದಲು. ಮೆಟ್ಟಿಲಿಳಿಯುವಾಗ ಕೈ ಹಿಡಿಯಹೋದೆ. ಸಂಕೋಚದಿಂದ ಬಿಡಿಸಿಕೊಂಡು, ಗೋಡೆ ಹಿಡಿದು ಇಳಿದಳು.